ತಾಟು ತೊಳೆದ ನೀರು

ಊಟ ಮುಗಿದ ಮೇಲೆ ತಾಟಿನಲ್ಲೇ ಕೈ ತೊಳೆದು ಎದ್ದು ಹೋಗುವವರನ್ನು ಕಂಡರೆ ನನಗೆ ಇಂದಿಗೂ ಮೈ ಬಿಗಿಯಾಗುತ್ತದೆ. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹಾಗೆ ಮಾಡುವಂತಿರಲಿಲ್ಲ. ಲಿಂಗಕ್ಕೆ ತೋರಿಸಿ ಉಣ್ಣುವ ಮನೆ ನಮ್ಮದು. ತಾಟಿಗೆ ಬಂದ ಮೇಲೆ ರೊಟ್ಟಿ ಬರೀ ರೊಟ್ಟಿಯಲ್ಲ, ಪ್ರಸಾದ. ಅದರಲ್ಲಿ ಒಂದು ಚೂರೂ ಉಳಿಯಬಾರದು. ಕಡೆಯ ತುತ್ತು ನುಂಗಿದ ಮೇಲೆ ತಾಟಿಗೆ ಒಂದಿಷ್ಟು ನೀರು ಹಾಕಿಕೊಂಡು, ಬೆರಳಿನಿಂದ ಸುತ್ತಲೂ ತಿಕ್ಕಿ, ಅಂಟಿದ ಪಲ್ಯ, ಹಿಂಡಿ ಚಟ್ನಿ ಎಲ್ಲ ಬಿಡಿಸಿ, ಆ ನೀರನ್ನು ಕುಡಿಯಬೇಕು. ಕುಡಿದಾದ ಮೇಲೆ ತಾಟು ಹೊಳೆಯುತ್ತಿರಬೇಕು. ಈಗ ಹುಮನಾಬಾದಿನ ನನ್ನ ಮನೆಯಲ್ಲಿ ಸ್ಟೀಲಿನ ತಾಟು, ನಲ್ಲಿಯ ನೀರು, ಉಣ್ಣಲು ಮೇಜು ಎಲ್ಲವೂ ಬಂದಿವೆ. ಆದರೂ ದಿನಾ ತಾಟು ತೊಳೆದು ಕುಡಿಯುತ್ತೇನೆ. ನೋಡಿದವರು, ಎಷ್ಟು ಭಕ್ತಿ ನೋಡಿರಿ ಎನ್ನುತ್ತಾರೆ. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಕೈ ತಾನಾಗಿ ಮಾಡುತ್ತದೆ, ನಾನು ಸುಮ್ಮನೆ ಕೂತಿರುತ್ತೇನೆ.

ಆ ಮನೆಗೆ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ನಡುವೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅಲ್ಲಿಂದ ಬಿಸಿಲಿನ ಒಂದು ತುಂಡು ಬಿದ್ದು ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತಿತ್ತು. ಮಳೆಗಾಲದಲ್ಲಿ ಅದರ ಮೇಲೆ ಹಳೆಯ ಬುಟ್ಟಿಯೊಂದನ್ನು ಬೋರಲು ಹಾಕುತ್ತಿದ್ದರು. ಹಾಕಿದರೂ ಸೋರುತ್ತಿತ್ತು. ಪಡಸಾಲೆಗೆ ಹತ್ತಿಕೊಂಡು ಅಡಿಗೆಮನೆ. ಅದರ ಹೊಸ್ತಿಲು ಮೊಳಕಾಲೆತ್ತರ. ಹಿಂದೆ ಅಂಗಳ, ಅಂಗಳದಲ್ಲಿ ಸೇದುವ ಬಾವಿ. ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನಾನು, ನನ್ನ ತಂಗಿ ನೀಲಿ, ಇಷ್ಟೇ ಜನ. ಅಪ್ಪನಿಗೆ ಹೊಲವಿತ್ತು. ಸುಗ್ಗಿ ಮುಗಿದ ಮೇಲೆ ಜೋಳ ತೊಗರಿ ಗಾಡಿಗೆ ಹೇರಿಕೊಂಡು ಹುಮನಾಬಾದಿನ ಬಜಾರಿಗೆ ಹೋಗುತ್ತಿದ್ದ. ಆಯಿ ಮಾತ್ರ ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಊರಿಗೆ ಬಸವಕಲ್ಯಾಣ ಎಂದು ಹೆಸರಾದ ಮೇಲೂ ಅವಳ ಬಾಯಲ್ಲಿ ಅದು ಕಲ್ಯಾಣಿಯಾಗಿಯೇ ಉಳಿಯಿತು.

ಊಟದ ಕೊನೆಗೆ ತಾಟು ತೊಳೆದು ಕುಡಿಯುವುದು ಓಣಿಯ ಬಹಳ ಮನೆಗಳಲ್ಲಿ ಇತ್ತು. ಊಟದ ಮೊದಲಿಗೆ ಇದ್ದ ಇನ್ನೊಂದು ರೂಢಿ ಮಾತ್ರ ನಮ್ಮ ಮನೆಯದೇ. ಅದನ್ನು ಹಾಕಿದವಳು ಆಯಿ. ಮೊದಲ ತುತ್ತು ಕೈಯಲ್ಲಿ ಹಿಡಿದು ಎಲ್ಲರೂ ಸುಮ್ಮನೆ ಕೂರಬೇಕು. ಆಮೇಲೆ ಒಬ್ಬೊಬ್ಬರಾಗಿ, ಇವತ್ತಿನ ಊಟ ಯಾರಿಂದ ಬಂತು ಎಂದು ಒಂದು ಹೆಸರು ಹೇಳಬೇಕು. ದೇವರ ಹೆಸರು ನಡೆಯುವುದಿಲ್ಲ. "ದೇವರು ಎಲ್ಲಾದಕೂ ಬರ್ತಾನ, ಅದು ಆಲಸಿಗಳ ಉತ್ತರ" ಎನ್ನುತ್ತಿದ್ದಳು ಆಯಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅದೇ ದಿನ ಹೇಳುವಂತಿಲ್ಲ. ಮೊದಲ ಸರದಿ ಯಾವಾಗಲೂ ಅವಳದೇ, ಅವಳ ಮಾತೂ ಯಾವಾಗಲೂ ಒಂದೇ:

"ನಮ್ಮ ಭಾವಿ ತಾಯಿಯಿಂದ ಬಂತು."

ಹೀಗಾಗಿ ಬಾವಿ ನಮಗೆ ಯಾರಿಗೂ ಸಿಗುತ್ತಲೇ ಇರಲಿಲ್ಲ. ಅಪ್ಪ ಎತ್ತುಗಳ ಹೆಸರು ಹೇಳುತ್ತಿದ್ದ. ಅವ್ವ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಅಡಿಗೆಮನೆಯ ಹೊಸ್ತಿಲಿನಾಚೆಯಿಂದ, ಒಲೆಯ ಕಟ್ಟಿಗೆ ತಂದವಳು, ಜೋಳ ಹಸನು ಮಾಡಿದ ನೆರೆಮನೆಯಾಕೆ ಎಂದು ಯಾರದಾದರೂ ಹೆಸರು ಕೂಗುತ್ತಿದ್ದಳು. ಒಮ್ಮೆ ಬಜಾರಿನಲ್ಲಿ ಅಡತಿಯ ದಲ್ಲಾಳಿಯ ಜತೆ ಜಗಳಾಡಿ ಬಂದ ಅಪ್ಪ, ಇವತ್ತಿನ ಊಟ ಆ ಹರಾಮಖೋರನಿಂದ ಬರಲಿಲ್ಲ, ಅವನು ಇದ್ದರೂ ಬಂತು ಎಂದ. ಆಯಿ ತುತ್ತನ್ನು ಕೆಳಗಿಳಿಸದೆ, ಅವನು ಬೇರೆ ಹೆಸರು ಹೇಳುವ ತನಕ ನಮ್ಮನ್ನೆಲ್ಲ ಹಸಿದ ಹೊಟ್ಟೆಯಲ್ಲಿ ಕೂರಿಸಿದಳು. ಪಲ್ಯ ಆರಿ ತಣ್ಣಗಾಯಿತು. ನಾನು ಮನಸ್ಸಿನಲ್ಲೇ ಇಬ್ಬರನ್ನೂ ಬೈದುಕೊಂಡೆ.

ಹಸಿವಾದಾಗ ಆ ರೂಢಿ ನನಗೆ ಶಿಕ್ಷೆ ಅನಿಸುತ್ತಿತ್ತು. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು, ನನಗೆ ಕಣ್ಣು ಬಂದದ್ದೇ ಅದರಿಂದ. ಸಂಜೆ ಹೇಳಲು ಒಂದು ಹೆಸರು ಬೇಕಲ್ಲ, ಅದಕ್ಕೇ ದಿನವಿಡೀ ನೋಡುತ್ತಾ ತಿರುಗುತ್ತಿದ್ದೆ. ಓಣಿಯಲ್ಲಿ ಕುಳಿತು ತಿದಿಯೊತ್ತುತ್ತಾ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನ ಕಪ್ಪು ಕಾಲುಗಳನ್ನು ನೋಡಿದ್ದು, ಕುರಿಯವರು ನಮ್ಮ ಹೊಲದಲ್ಲಿ ಹಿಂಡು ತರುಬಿ ಹೋದ ಮೇಲೆ ನೆಲದ ವಾಸನೆ ಬೇರೆಯಾಗುವುದು ಗೊತ್ತಾದದ್ದು, ಎಲ್ಲ ಆ ಒಂದು ಹೆಸರಿನ ಆಸೆಗೆ. ಈ ಜಗತ್ತಿನಲ್ಲಿ ಯಾವುದೂ ಪುಕ್ಕಟೆ ಬಂದಿಲ್ಲ, ಯಾರೋ ಬೆನ್ನು ಬಗ್ಗಿಸಿರುತ್ತಾರೆ ಎಂಬುದನ್ನು ಶಾಲೆಗೆ ಹೋಗುವ ಮೊದಲೇ ಕಲಿತೆ. ಆಗ ಕಲಿತದ್ದು ಈಗಲೂ ಬಿಟ್ಟಿಲ್ಲ. ಸುಖ ಕೊಟ್ಟಿದೆಯೇ ಎಂದು ಮಾತ್ರ ಕೇಳಬೇಡಿರಿ.

ನೀಲಿಗೆ ಈ ಆಟ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವಳು ಆಯಿಯ ಮಗ್ಗುಲಿಗೇ ಉಣ್ಣುವವಳು, ಆಯಿಯ ಸೆರಗಿನಲ್ಲೇ ಬಾಯಿ ಒರೆಸಿಕೊಳ್ಳುವವಳು. ಬೆಳಕಿಂಡಿಯಿಂದ ಊಟ ಬಂತು, ಸಕ್ಕರೆ ತಿನ್ನದೆ ಬಿಟ್ಟುಹೋದ ಇರುವೆಯಿಂದ ಬಂತು ಎಂದೆಲ್ಲ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಒಂದು ದಿನ ಬಹಳ ಗಂಭೀರವಾಗಿ, "ಭಾವ್ಯಾಗಿನ ಆಮಿಯಿಂದ ಬಂತು" ಎಂದಳು. ನೀರು ಸ್ವಚ್ಛವಿರಲಿ ಎಂದು ನಮ್ಮ ಅಜ್ಜ, ಮುತ್ಯಾನ ಕಾಲದಲ್ಲೇ ಬಾವಿಗೆ ಬಿಟ್ಟ ಆಮೆ ಅದು. ಬಾವಿ ಆಯಿಯದಾದರೆ ಆಮೆ ತನ್ನದು ಎಂದು ನೀಲಿಯ ವಾದ. ಆಯಿ ನಕ್ಕು ಒಪ್ಪಿಕೊಂಡಳು. ಊಟ ಮುಗಿದ ಮೇಲೆ ನೀಲಿಯ ತಾಟಿಗೆ ತಾನೇ ತಂಬಿಗೆಯಿಂದ ನೀರು ಹಾಕಿ, ಅವಳ ಪುಟ್ಟ ಬೆರಳು ಹಿಡಿದು ತಾಟಿನ ಸುತ್ತ ತಿರುಗಿಸಿ, ಕುಡಿಸಿದಳು. ಅದು ಅವರಿಬ್ಬರ ನಿತ್ಯದ ಪದ್ಧತಿ. ಆ ಹಿತ್ತಾಳೆಯ ತಂಬಿಗೆಯನ್ನು ಆಯಿ ಸ್ನಾನ ಮಾಡಿ ತಾನೇ ಸೇದಿ ತುಂಬುತ್ತಿದ್ದಳು. ಬೇರೆ ಯಾರೂ ಅದನ್ನು ತುಂಬುವಂತಿರಲಿಲ್ಲ.

ಆ ವರ್ಷ ಮಳೆ ಜೋರಾಗಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದು ಕೆಂಪಾಗಿತ್ತು. ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಮೊದಲು ಬಿದ್ದವರಲ್ಲಿ ನೀಲಿಯೂ ಒಬ್ಬಳು. ಅಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹುಮನಾಬಾದಿಗೆ ಕರೆದೊಯ್ದ. ಅವ್ವನೂ ಹೋದಳು. ಅಕ್ಕ ಬೇಕು ಎಂದು ನೀಲಿ ಅತ್ತದ್ದರಿಂದ ನಾನೂ ಹೋದೆ. ದವಾಖಾನೆಯಲ್ಲಿ ಅವಳು ಬಾಡಿದ ಸೊಪ್ಪಿನಂತೆ ಮಲಗಿದ್ದಳು. ಆದರೆ ಉಳಿದಳು. ಕೆಲವು ದಿನಗಳ ಮೇಲೆ ಎದ್ದು ಕೂತು, ತನಗೆ ರೊಟ್ಟಿ ಬೇಕು ಎಂದಳು. ಅವ್ವ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತು ಅತ್ತಳು. ನಮ್ಮನ್ನು ಮನೆಗೆ ಕಳಿಸುವಾಗ ಡಾಕ್ಟರು ಅವ್ವನನ್ನು ನಿಲ್ಲಿಸಿ ಹೇಳಿದರು:

"ನೋಡ್ರಿ ಬಾಯಿ, ಈ ಕೂಸಿನ ಕರಳಿನ್ಯಾಗ ಈಗ ತಾಕತ್ತಿಲ್ಲ. ಮತ್ತೊಮ್ಮೆ ಬಂತಂದ್ರ ತಡಿಯಲ್ಲ. ಕುಡಿಯೋ ನೀರು ಕುದಿಸಿ ಆರಿಸೇ ಕೊಡ್ರಿ. ಕುದಿಸಲಾರದ್ದು ಒಂದು ಗುಟುಕು ಭೀ ಕೊಡಬ್ಯಾಡ್ರಿ."

"ಹೌದ್ರಿ, ಹಾಂಗೇ ಮಾಡ್ತೀನ್ರಿ" ಎಂದಳು ಅವ್ವ.

ಹಾಗೆಯೇ ಮಾಡಿದಳು. ಆ ಮಳೆಯಲ್ಲಿ ಒಣ ಕಟ್ಟಿಗೆ ಎಲ್ಲಿಂದ ತರುತ್ತಿದ್ದಳೋ, ನಸುಕಿನಲ್ಲೇ ಎದ್ದು ದೊಡ್ಡ ತಪೇಲಿಯಲ್ಲಿ ನೀರು ಕುದಿಸಿ, ಆರಿಸಿ, ಹೊಸ ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿಡುತ್ತಿದ್ದಳು. ನೀಲಿಗೆ ಬೇರೆ ಲೋಟ. ಪಕ್ಕದ ಮನೆಗೆ ಆಡಲು ಹೋದರೆ ನಾನು ಅವಳ ನೀರು ಹಿಡಿದು ಹಿಂದೆ ಹೋಗಬೇಕು. ಓಣಿಯವರು, "ಕಾಶಿಬಾಯಿ ಈಗ ನೀರಿಗೂ ಅಡಿಗಿ ಮಾಡಾಕತ್ತಾಳ" ಎಂದು ನಕ್ಕರು. ಅವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆಯ ಊಟಕ್ಕೆ ಕೂತಾಗ ಹೊಸ್ತಿಲಿನಾಚೆಯಿಂದ, "ಹುಮನಾಬಾದಿನ ಡಾಕ್ಟರ್ ಸಾಹೇಬರಿಂದ ಬಂತು" ಎಂದು ಅವರ ಹೆಸರನ್ನೇ ದಿನಾ ಹೇಳುತ್ತಿದ್ದಳು. ಅದನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನೀಲಿಗೆ ಮೊದಲಿನಂತೆ ಊಟ ಸೇರುತ್ತಿರಲಿಲ್ಲ, ರೊಟ್ಟಿಯ ಚೂರನ್ನು ಬೇಳೆಯಲ್ಲಿ ಕಿವುಚಿ ಹಾಗೇ ಕೂರುತ್ತಿದ್ದಳು. ಆಯಿ ಮುದ್ದು ಮಾಡಿ ಉಣಿಸಿ, ತಾಟು ತೊಳೆಸಿ, ಆ ನೀರು ಕುಡಿಸಿ ತಲೆ ಸವರುತ್ತಿದ್ದಳು.

"ಶಾಣ್ಯಾ ನನ ಕೂಸು. ಅನ್ನ ಕಮ್ಮಿ ಹೋದ್ರೂ ಪ್ರಸಾದ ಹೊಟ್ಟಿಗಿ ಹೋಯ್ತು, ಇನ್ನ ಫಿಕರ್ ಇಲ್ಲ."

ಕೆಲವು ವಾರಗಳಲ್ಲಿ ಆ ರೋಗ ಮತ್ತೆ ಬಂತು. ಬೆಳಿಗ್ಗೆ ಆಡುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ಕಣ್ಣು ತೇಲಿಸಿದಳು. ಬಸ್ಸಿಗೆ ಕಾಯದೆ ಅಪ್ಪ ಯಾರದೋ ಲಾರಿ ಹಿಡಿದ. ದಾರಿಯಲ್ಲಿ ರಾಜೇಶ್ವರ ಊರು ದಾಟುವ ಮೊದಲೇ, ಅವ್ವನ ತೊಡೆಯ ಮೇಲೆ, ಎಲ್ಲ ಮುಗಿದುಹೋಯಿತು. ಲಾರಿಯವನು ಗಾಡಿ ತಿರುಗಿಸಿದ. ಅವ್ವ ಮನೆಯ ಬಾಗಿಲಿಗೆ ಇಳಿದಾಗ ಅಳುತ್ತಿರಲಿಲ್ಲ. ಎದುರು ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು:

"ಕುದಿಸೇ ಕೊಟ್ಟೀನ್ರಿ. ಒಂದು ಗುಟುಕು ಭೀ ಹಸಿ ನೀರು ಕೊಟ್ಟಿಲ್ರಿ."

ಮಣ್ಣು ಮಾಡಿ ಬಂದ ಮೇಲೆ ಒಲೆ ಹೊತ್ತಿಸದ ನಮ್ಮ ಮನೆಗೆ ಘಾಟಬೋರಾಳದಿಂದ ಅವ್ವನ ತವರಿನ ಕಡೆಯ ಬೀಗರು ಬುತ್ತಿ ಕಟ್ಟಿಕೊಂಡು ಬಂದರು. ರೊಟ್ಟಿ, ಪುಂಡಿಪಲ್ಯ, ಕಟ್ಟಿನ ಸಾರು. ಪಡಸಾಲೆಯಲ್ಲಿ ಎಲ್ಲರೂ ಪಂಕ್ತಿಯಾಗಿ ಕೂತರು. ದುಃಖದ ಮನೆಯಲ್ಲೂ ಉಣ್ಣಲೇಬೇಕು, ಬಡಿಸಲೇಬೇಕು. ನಾನು ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಅವ್ವನ ಪಕ್ಕದಲ್ಲಿ ನಿಂತಿದ್ದೆ. ಊಟ ಮುಗಿಯಿತು. ಬೀಗರ ಹಿರಿಯರು ತಾಟು ಮುಂದೆ ಸರಿಸಿದರು. ಆಯಿ ತನ್ನ ತಂಬಿಗೆಯಿಂದ ಅವರ ತಾಟಿಗೆ ನೀರು ಹಾಕಿದಳು. ಅವರು ಬೆರಳು ತಿರುಗಿಸಿ ತಾಟೆತ್ತಿ ಕುಡಿದರು. ಆಯಿ ಮುಂದಿನ ತಾಟಿಗೆ ಹೋದಳು. ಅವ್ವ ಅದನ್ನೇ ನೋಡುತ್ತಿದ್ದಳು. ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ನನ್ನತ್ತ ಬಾಗಿದಳು.

"ಶರಣಿ" ಎಂದಳು ನನ್ನ ಕಿವಿಯ ಹತ್ತಿರ, "ಆಯಿ ತಂಬಿಗ್ಯಾಗ ಯಾವ ನೀರದ?"

"ಭಾವಿದು, ಅವ್ವಾ."

ನಾನು ಸಹಜವಾಗಿ ಹೇಳಿದೆ. ಆ ತಂಬಿಗೆಯಲ್ಲಿ ಯಾವಾಗಲೂ ಬಾವಿಯ ನೀರೇ ಇರುವುದು. ಕುಡಿಯುವ ನೀರು ಎಂದರೆ ಗಡಿಗೆಯ ನೀರು, ಲೋಟದ ನೀರು. ತಾಟು ತೊಳೆದದ್ದು ನೀರು ಅಲ್ಲ, ಅದು ಪ್ರಸಾದ. ಡಾಕ್ಟರು ಹೇಳಿದ್ದನ್ನು ಅವ್ವ ಒಂದು ಕೂದಲೂ ತಪ್ಪದಂತೆ ಪಾಲಿಸಿದ್ದಳು. ಅಷ್ಟೆಲ್ಲ ಎಚ್ಚರದಲ್ಲಿ, ದಿನಾ ಕಣ್ಣೆದುರಿಗೇ ನೀಲಿಯ ಹೊಟ್ಟೆಗೆ ಹೋಗುತ್ತಿದ್ದುದನ್ನು ನೀರು ಎಂದು ಎಣಿಸಲು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವ್ವ ಸಾರಿನ ಪಾತ್ರೆಯನ್ನು ಕೆಳಗಿಟ್ಟು ಅಡಿಗೆಮನೆಗೆ ಹೋದಳು. ಹಿಂದೆ ಹೋದ ನನ್ನನ್ನು ರಟ್ಟೆ ಹಿಡಿದು ಎಳೆದು ಹತ್ತಿರ ಕೂರಿಸಿಕೊಂಡಳು. ಬಾಯಿಗೆ ಸೆರಗು ತುರುಕಿಕೊಂಡಳು.

"ಆಯಿಗಿ ಹೇಳಬ್ಯಾಡ" ಎಂದಳು ಕೊನೆಗೆ. "ನಿಮ್ಮಪ್ಪಗ ಭೀ ಹೇಳಬ್ಯಾಡ. ಆ ಮುದುಕಿಗಿ ಗೊತ್ತಾದ್ರ ಉಳಿಯಲ್ಲ. ಒಂದು ಜೀವ ಹೋಗ್ಯಾದ, ಸಾಕು."

ಅದೇ ಕಾರಣ ಎಂದು ಯಾರು ಹೇಳಬಲ್ಲರು? ನೀಲಿ ಎಲ್ಲಿಯೋ ಆಡುವಾಗ ಕೈ ನೆಕ್ಕಿರಬಹುದು, ಮಳೆಯ ನೀರು ಕುಡಿದಿರಬಹುದು. ಈ ಮಾತನ್ನು ಅವ್ವ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು, ನಾನೂ ಹೇಳಿದೆ. ಪ್ರಯೋಜನವಾಗಲಿಲ್ಲ.

ಮರುವಾರ ಅವ್ವ ಆಯಿಯ ಕೈಯಿಂದ ತಂಬಿಗೆ ತೆಗೆದುಕೊಂಡಳು. "ನಿಮಗ ಇನ್ನ ಸೇದೋದು ಆಗಲ್ರಿ ಅತ್ತಿ, ನಾನೇ ತುಂಬ್ತೀನಿ" ಎಂದಳು. ಸೊಸೆಗೆ ದುಃಖದಲ್ಲೂ ಸೇವೆಯ ಬುದ್ಧಿ ಬಂತಲ್ಲ ಎಂದು ಆಯಿಗೆ ಸಂತೋಷವೇ ಆಯಿತು. ಅಂದಿನಿಂದ ಅವ್ವ ಆ ತಂಬಿಗೆಗೂ ಕುದಿಸಿ ಆರಿಸಿದ ನೀರನ್ನೇ ಗುಟ್ಟಾಗಿ ತುಂಬಿಡತೊಡಗಿದಳು. ನಾನು ಬಾಗಿಲಲ್ಲಿ ಕಾವಲು. ಎರಡು ದಿನದ ಮೇಲೆ ಆಯಿ ತಾಟಿನ ನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತಾ ಹೇಳಿದಳು:

"ಭಾವಿ ನೀರು ಮೊದಲಿನಂಗ ಇಲ್ಲ. ನೀಲಿ ಹೋದ ಮ್ಯಾಲ ಅದು ಭೀ ಸಪ್ಪಗಾಗ್ಯಾದ."

ಆದರೂ ಅವಳು ತನ್ನ ರೂಢಿ ಬಿಡಲಿಲ್ಲ. ಮೊದಲ ತುತ್ತು ಹಿಡಿದು ಕಣ್ಣು ಮುಚ್ಚಿ, ಭಾವಿ ತಾಯಿಯಿಂದ ಬಂತು ಎನ್ನುತ್ತಿದ್ದಳು. ಅಡಿಗೆಮನೆಯ ಹೊಸ್ತಿಲಿನಾಚೆಯ ಧ್ವನಿ ಮಾತ್ರ ನಿಂತುಹೋಗಿತ್ತು. ಅವ್ವನ ಸರದಿ ಬಂದಾಗ ಒಲೆಯಲ್ಲಿ ಕಟ್ಟಿಗೆ ಸಿಡಿಯುವ ಸದ್ದಷ್ಟೇ ಕೇಳುತ್ತಿತ್ತು. ಆಯಿ ಮೊದಮೊದಲು ಕಾಯ್ದಳು, ಆಮೇಲೆ ಬುದ್ಧಿ ಹೇಳಿದಳು.

"ಒಂದು ಹೆಸರರ ಹೇಳು ಕಾಶಿ. ಸುಖದಾಗ ಎಲ್ಲಾರೂ ನೆನಿತಾರ, ಅದ್ಯಾನ್ ದೊಡ್ಡದು. ದುಃಖದಾಗ ನೆನದ್ರನೇ ಮನಸು ಉಳಿತದ. ನಾ ಹ್ಯಾಂಗ ಬದುಕೀನಿ ನೋಡು."

"ನನಗ ಯಾರೂ ನೆನಪಾಗವಲ್ರಿ ಅತ್ತಿ."

"ಈ ಮನಿ ರೀತಿ ಮುರಿತೀ ಯಾನ್?" ಎಂದು ಅಪ್ಪ ಗುಡುಗಿದ. "ಕೂಸು ನಿನಗ ಒಬ್ಬಾಕಿಗೇ ಹೋಗ್ಯಾದೇನು? ನಮ್ಮವ್ವನ ಮುಖ ನೋಡಿಯಾದ್ರೂ ಹೇಳು."

ಅವಳು ಆಯಿಯ ಮುಖ ನೋಡಿಯೇ ಸುಮ್ಮನಿದ್ದಳು. ಅದು ಅಪ್ಪನಿಗೆ ಗೊತ್ತಿರಲಿಲ್ಲ. ಬಾಯಿ ಬಿಟ್ಟರೆ ಯಾವ ಮಾತು ಹೊರಗೆ ಬಂದೀತೋ ಎಂಬ ಭಯ ಅವಳಿಗೆ. ಸೊಸೆ ದೇವರ ಮೇಲೆ ಸಿಟ್ಟಾಗಿದ್ದಾಳೆ, ಕಲ್ಲುಮನಸ್ಸಿನವಳಾಗಿದ್ದಾಳೆ ಎಂದು ಓಣಿಯಲ್ಲೂ ಮಾತಾಯಿತು. ಅವ್ವ ಆ ಹೆಸರನ್ನು ಹೊತ್ತುಕೊಂಡು ವರ್ಷಗಟ್ಟಲೆ ಇದ್ದಳು. ನಾನು ಪಂಕ್ತಿಯಲ್ಲಿ ಕೂತು ಕಲಾಯಿಯವನು, ಕುರಿಯವರು, ಗಿರಣಿಯವನು ಎಂದು ಯಾವುದೋ ಹೆಸರನ್ನು ಬಾಯಿಪಾಠದಂತೆ ಒಪ್ಪಿಸುತ್ತಿದ್ದೆ. ಯಾವ ಹೆಸರಿಗೂ ಒಳಗಿನಿಂದ ಏನೂ ಏಳುತ್ತಿರಲಿಲ್ಲ. ಆ ಪಂಕ್ತಿಯಲ್ಲಿ ನಿಜವಾಗಿ ಉಪಕಾರ ನೆನೆಯುತ್ತಿದ್ದವಳು ಆಯಿ ಒಬ್ಬಳೇ, ಅದೂ ಆ ಬಾವಿಯದು. ಅದನ್ನು ದಿನಾ ಕೇಳುತ್ತಾ ಉಣ್ಣುವುದು ಎಂಥ ನರಕ ಎಂದು ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಹುಮನಾಬಾದಿನ ಮನೆತನದೊಂದಿಗೆ ನನ್ನ ಮದುವೆ ನಿಶ್ಚಯವಾದ ಬೇಸಿಗೆ ಅದು. ಅವ್ವನಿಗೆ ಜ್ವರ ಬಂದಿತ್ತು. ಮಲಗು ಎಂದರೂ ಕೇಳದೆ ಎದ್ದು ರೊಟ್ಟಿ ಬಡಿದಳು. ನೀರು ಕುದಿಸಿದ್ದು ತಡವಾಗಿ, ಆರುವ ಮೊದಲೇ ತಂಬಿಗೆಗೆ ಸುರಿದಿಟ್ಟಳು. ಸಂಜೆಯ ಊಟ ಮುಗಿಯಿತು. ಅಪ್ಪ ಇನ್ನೂ ಊಟಕ್ಕೆ ಕೂರದೆ ಯಾರೊಡನೆಯೋ ಮಾತಾಡಲು ಬಾಗಿಲಿಗೆ ಹೋಗಿದ್ದ. ಆಯಿ ತಾಟಿಗೆ ನೀರು ಹಾಕಿಕೊಂಡು ಬೆರಳಿಟ್ಟವಳು ಥಟ್ಟನೆ ನಿಲ್ಲಿಸಿದಳು. ತಂಬಿಗೆಯನ್ನು ಮುಟ್ಟಿ ನೋಡಿದಳು.

"ಶರಣಿ, ಈ ನೀರು ಯಾಕ ಬೆಚ್ಚಗದ?"

ನಾನು ಅವ್ವನತ್ತ ನೋಡಿದೆ. ಹೊಸ್ತಿಲಿನ ಮೇಲೆ ಕೂತಿದ್ದ ಅವಳ ಮುಖ ಒಲೆಯ ಬೆಳಕಿನಲ್ಲಿ ಬಿಳಿಚಿಕೊಂಡಿತ್ತು.

"ಕುದಿಸಿದ ನೀರದ್ರಿ ಅತ್ತಿ" ಎಂದಳು.

"ತಾಟು ತೊಳಿಯೋ ನೀರು ಯಾಕ ಕುದಿಸಿದಿ?"

ಅವ್ವ ಒಲೆಯತ್ತ ಮುಖ ತಿರುಗಿಸಿದಳು. ಆಯಿ ಮೆಲ್ಲಗೆ, ಮಗುವನ್ನು ಕೇಳುವಂತೆ ಕೇಳಿದಳು:

"ಯಾವಾಗಿಂದ ಕುದಿಸಾಕತ್ತಿ, ಕಾಶಿ?"

"ಮೊದಲಿಂದ್ಲೇ ರೀ. ಡಾಕ್ಟರ್ ಸಾಹೇಬರು ಹೇಳಿದ ದಿನದಿಂದ್ಲೇ."

ಅವ್ವ ಅಷ್ಟು ದೊಡ್ಡ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎಷ್ಟು ಪ್ರೀತಿಯಿಂದ ಹೇಳಿದಳು ಎಂದರೆ, ನಾನೇ ಒಂದು ಗಳಿಗೆ ನಂಬಿದೆ. ಆಯಿ ತಾಟಿನಲ್ಲಿದ್ದ ನೀರನ್ನು ನೋಡುತ್ತಿದ್ದಳು.

"ಮೊದಲಿಂದ್ಲೇ ಹ್ಯಾಂಗ ಆಗ್ತದ?" ಎಂದಳು. "ಆಗ ತಂಬಿಗಿ ತುಂಬಾಕಿ ನಾ ಇದ್ದೆ."

ಆಯಿ ನಿಧಾನವಾಗಿ ಬೆರಳು ತಿರುಗಿಸಿ ತಾಟು ತೊಳೆದಳು, ಎತ್ತಿ ಕುಡಿದಳು. ಪ್ರಸಾದ ಚೆಲ್ಲುವಂತಿರಲಿಲ್ಲ. ಗೋಡೆ ಹಿಡಿದು ಎದ್ದು ಹೋಗಿ ತನ್ನ ಚಾಪೆಯ ಮೇಲೆ ಮಲಗಿ ಮುಖ ಆಚೆ ತಿರುಗಿಸಿದಳು. ಅಪ್ಪ ಒಳಗೆ ಬಂದು, ಯಾಕೆ ಎಲ್ಲರೂ ಹೀಗೆ ಎಂದು ಕೇಳಿದ. ಅವ್ವ, ಏನಿಲ್ಲ, ಸೆಕೆ ಎಂದಳು.

ಮರುದಿನ ಪಂಕ್ತಿ ಕೂತಿತು. ತುತ್ತು ಹಿಡಿದು ಎಲ್ಲರೂ ಆಯಿಯ ಮಾತಿಗೆ ಕಾಯ್ದೆವು. ಅವಳ ಬಾಯಿ ಒಮ್ಮೆ ತೆರೆಯಿತು, ಹಾಗೇ ಮುಚ್ಚಿತು. ಅಪ್ಪ, "ಅವ್ವಾ, ನೆನಿಯಲ್ಲೇನು?" ಎಂದ. ಅವಳು ತಲೆ ತಗ್ಗಿಸಿ ತನ್ನ ಮಗ್ಗುಲಿನ ಖಾಲಿ ಜಾಗ ನೋಡುತ್ತಿದ್ದಳು. ಆಗ ಅಡಿಗೆಮನೆಯಿಂದ ಅವ್ವ ಎದ್ದು ಬಂದಳು. ಹಿಟ್ಟಿನ ಕೈಯಲ್ಲೇ ಹೊಸ್ತಿಲು ದಾಟಿ ಬಂದು, ನೀಲಿ ಕೂರುತ್ತಿದ್ದ ಜಾಗದಲ್ಲಿ, ಆಯಿಯ ಮೈಗೆ ಮೈ ತಾಗಿಸಿ ಕೂತಳು. ಅಷ್ಟು ವರ್ಷಗಳ ಮೇಲೆ ಅವಳು ಒಂದು ಹೆಸರು ಹೇಳಿದಳು.

"ಇವತ್ತಿನ ಊಟ ನಮ್ಮ ಅತ್ತಿಯಿಂದ ಬಂತು."

ಆಯಿ ಅವಳ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ತುತ್ತನ್ನು ತಿರುಗಿ ತಾಟಿಗೆ ಇಟ್ಟಳು. ಸೊಸೆಯ ಹೆಗಲ ಮೇಲೆ ಕೈಯೂರಿ ಎದ್ದು, ಅಂಗಳ ದಾಟಿ, ಬಾವಿಯತ್ತ ಕಣ್ಣೆತ್ತಿ ನೋಡದೆ, ದನದ ಕೊಟ್ಟಿಗೆಯ ಹತ್ತಿರ ಹೋಗಿ ಕೂತಳು. ಅಂದಿನಿಂದ ಸಾಯುವ ತನಕ ಅವಳು ಪಂಕ್ತಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರ ಹೆಸರನ್ನೂ ಮತ್ತೆ ಹೇಳಲಿಲ್ಲ. ಅವತ್ತು ಮಾತ್ರ ನಾವು ಮೂವರೂ ಅಲ್ಲಿಂದ ಏಳಲಾಗದೆ ಕೂತಿದ್ದೆವು. ನಡುವೆ ಆಯಿಯ ತಾಟಿತ್ತು. ಅದರಲ್ಲಿ ರೊಟ್ಟಿಯಿತ್ತು, ಪಲ್ಯವಿತ್ತು, ಮುರಿದು ಹಿಡಿದು ಬಿಟ್ಟ ಒಂದು ತುತ್ತಿತ್ತು. ಆ ಮನೆಯಲ್ಲಿ ಅಂದಿನವರೆಗೆ ಯಾರೂ ತಾಟಿನಲ್ಲಿ ಏನನ್ನೂ ಉಳಿಸಿ ಎದ್ದಿರಲಿಲ್ಲ. ಹಾಗೆ ಉಳಿದ ತಾಟನ್ನು ಏನು ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.